ಬೆಳಿಗ್ಗೆ ಬೆಚ್ಚಗಿದ್ದ ಡೈನಮೊ

ಮಾವ ದೀಪ ಮುಟ್ಟಿ ಆಣೆ ಹಾಕಬೇಕಾಗಿದ್ದ ಶನಿವಾರಕ್ಕೆ ಎರಡು ದಿನ ಉಳಿದಿರುವಾಗ ಮಲಾಡಿನಿಂದ ನನಗೆ ಬುಲಾವು ಬಂತು. ಕರೆಸಿದ್ದು ಮಾವನಲ್ಲ. ಅವರು ಉಟ್ಟ ಪಂಚೆಗೆ ಬೆಂಕಿ ಹತ್ತಿದರೂ ‘ಸ್ವಲ್ಪ ಸೆಕೆ ಉಂಟು’ ಎಂದು ಸುಮ್ಮನಿರುವ ಮನುಷ್ಯ. ಕರೆಸಿದ್ದು ಅವರ ಧಣಿಗಳ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು.

ಮಾವನೆಂದರೆ ನನ್ನ ತಾಯಿಯ ತಮ್ಮ. ಉಡುಪಿಯ ಕಡೆಯಿಂದ ನನ್ನನ್ನು ಮುಂಬಯಿಗೆ ಕರೆತಂದು, ಮಾಟುಂಗದಲ್ಲಿ ಮೋಟಾರುಗಳ ವಿದ್ಯುತ್ ಕೆಲಸ ಮಾಡುವ ಒಬ್ಬ ಉಸ್ತಾದರ ಕೈಗೆ ಒಪ್ಪಿಸಿ, ‘ಇವನ ಬಾಯಿಗೆ ಕೆಲಸ ಕೊಡಬೇಡಿ, ಕೈಗೆ ಕೊಡಿ’ ಎಂದು ಹೇಳಿ ಹೋದವರು ಅವರೇ. ಅವರ ಆತಂಕ ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷಕ್ಕೆ ನಾನು ಕೆಲಸಕ್ಕಿಂತ ಹೆಚ್ಚಾಗಿ ಅಣಕಕ್ಕೇ ಹೆಸರಾಗಿದ್ದೆ. ಬೊರಿವಲಿ ಲೋಕಲ್ ಬ್ರೇಕ್ ಹಾಕುವ ಕಿರುಚಾಟ, ಉಸ್ತಾದರ ಬೀಡಿ ಕೆಮ್ಮು, ಧಣಿಗಳು ಮೂಗಿನಿಂದಲೇ ಆಡುವ ಮಾತು, ಯಾವುದನ್ನು ಕೇಳಿದರೂ ಮಾಡಿ ತೋರಿಸುತ್ತಿದ್ದೆ. ನನ್ನನ್ನೇ ಅಣಕಿಸುವುದೂ ಇತ್ತು: ಬೋಲ್ಟ್ ಬಿಗಿಯುವಾಗ ನಾಲಿಗೆ ಹೊರಗೆ ಹಾಕುವ ದಡ್ಡನೊಬ್ಬನಿದ್ದಾನಲ್ಲ, ಅವನನ್ನು.

ಇದು ಐವತ್ತರ ದಶಕದ ನಡುವಿನ ಮಾತು. ಧಣಿಗಳಿಗೆ ಮಾಟುಂಗದಲ್ಲಿ ಹೋಟೆಲು, ಮಲಾಡಿನಲ್ಲಿ ಮನೆ. ಮನೆಯ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಒಂದು ಕಪ್ಪು ವಿಲಾಯತಿ ಕಾರು, ಊರು ಬಿಟ್ಟುಹೋದ ಒಬ್ಬ ಡಾಕ್ಟರರಿಂದ ಕೊಂಡದ್ದು. ಹನ್ನೊಂದು ವರ್ಷದಿಂದ ಮಾವನೇ ಡ್ರೈವರ್. ಶೆಡ್ಡಿಗೆ ಆತುಕೊಂಡ ಕೋಣೆಯಲ್ಲಿ ಅವರ ವಾಸ, ಕಾರಿನ ಕೀಲಿಕೈ ಅವರ ಸೊಂಟದಲ್ಲಿ.

ನವರಾತ್ರಿ ಕಳೆದ ಮೇಲೆ ತೊಂದರೆ ಶುರುವಾಯಿತು. ಬೆಳಿಗ್ಗೆ ಕಾರು ಹೊರಡಿಸಲು ಹೋದರೆ ಬ್ಯಾಟರಿ ಸತ್ತಿರುತ್ತಿತ್ತು. ದಿನವೂ ಅಲ್ಲ, ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ. ಹಾಗೆ ಸತ್ತ ದಿನಗಳಲ್ಲೆಲ್ಲ ಬಾನೆಟ್ಟಿನ ಒಳಗೆ ಬೆಚ್ಚಗಿರುತ್ತಿತ್ತು. ಇಡೀ ರಾತ್ರಿ ನಿಂತ ಕಾರು!

ಒಂದು ಬೆಳಿಗ್ಗೆ ಧಣಿಗಳೇ ಕೈಯಿಟ್ಟು ನೋಡಿದರಂತೆ. “ನಿಂತ ಕಾರಿಗೆ ಜ್ವರ ಬರ್ತದಾ? ಯಾರೋ ದೀಪ ಹಾಕ್ಕೊಂಡು ಊರೆಲ್ಲ ಓಡಿಸಿ ತಂದು ನಿಲ್ಲಿಸಿದ್ದು. ಕೀ ಇರೋದು ನಿನ್ನ ಹತ್ತಿರ. ಇನ್ನು ನಾನು ಎಂತ ಹೇಳುವುದು?”

“ನಾನು ಓಡಿಸ್ಲಿಲ್ಲ,” ಎಂದರಂತೆ ಮಾವ. ಮೈಲು ತೋರಿಸುವ ಮೀಟರಿನ ತಂತಿ ಕಡಿದು ವರ್ಷವಾಗಿತ್ತು. ಸಾಕ್ಷಿ ಹೇಳಲು ಅದೂ ಇಲ್ಲ.

ಧಣಿಗಳು ಕೆಟ್ಟವರಲ್ಲ. ಪೊಲೀಸು, ಬೈಗುಳ, ಯಾವುದಕ್ಕೂ ಹೋಗಲಿಲ್ಲ. ನಮ್ಮ ಕಡೆಯ ಕ್ರಮ ಹಿಡಿದರು: ಶನಿವಾರ ಬೆಳಿಗ್ಗೆ ದೇವರ ಕೋಣೆಯಲ್ಲಿ ದೀಪ ಮುಟ್ಟಿ ಆಣೆ ಹಾಕು, ಅಲ್ಲಿಗೆ ಮುಗಿಯಿತು. ಅವರಿಗೆ ಅಲ್ಲಿಗೆ ಮುಗಿಯುತ್ತಿತ್ತು. ಮಾವನಿಗೆ ಅಲ್ಲ. ಸುಳ್ಳು ಆಣೆ ಹಾಕಿದವನ ಮನೆ ಉಳಿಯುವುದಿಲ್ಲ ಎಂಬುದು ಒಂದು. ನಿಜದ ಆಣೆಯನ್ನೇ ಹಾಕಿದರೂ, ಆಣೆ ಹಾಕಿಸಿಕೊಂಡ ಮನೆಯಲ್ಲಿ ಮತ್ತೆ ಅನ್ನ ಮುಟ್ಟಬಾರದು ಎಂಬುದು ಇನ್ನೊಂದು.

ಗುರುವಾರ ಮಧ್ಯಾಹ್ನ ನಾನು ಮಲಾಡಿಗೆ ಹೋದಾಗ ಮಾವ ಟ್ರಂಕು ತೆರೆದಿಟ್ಟು ಅಂಗಿಗಳನ್ನು ಮಡಚುತ್ತಿದ್ದರು.

“ಎಂತ ಮಾವ ಇದು?”

“ಆಣೆ ಹಾಕ್ತೇನೆ. ಹಾಕಿ ಊರಿಗೆ ಹೋಗ್ತೇನೆ. ನೀನು ಯಾಕೆ ಬಂದದ್ದು?”

“ನಿಮ್ಮ ಕಾರಿನ ನಾಡಿ ನೋಡ್ಲಿಕ್ಕೆ.”

“ಏ ಮಂಗ, ಅಣಕ ಮಾಡ್ಲಿಕ್ಕೆ ಇದು ಹೊತ್ತಲ್ಲ.”

ಅಣಕ ಮಾಡುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಉಸ್ತಾದರ ಅಂಗಡಿಯಿಂದ ತುಂಬಿದ ಬ್ಯಾಟರಿಯೊಂದನ್ನು ಹೆಗಲ ಮೇಲೆ ಹೊತ್ತು, ಲೋಕಲ್ಲಿನ ಲಗೇಜು ಡಬ್ಬಿಯಲ್ಲಿ ಮೀನು ಬುಟ್ಟಿಯವರ ನಡುವೆ ನಿಂತು ಬಂದಿದ್ದೆ. ಆಸಿಡ್ ತುಳುಕಿ ಪ್ಯಾಂಟಿನ ಹಿಂಭಾಗದಲ್ಲಿ ಎರಡು ತೂತು ಬಿದ್ದಿತ್ತು. ಕಾರಿನ ಡಾಕ್ಟರ್ ಹೋಗುವುದಾದರೆ ಹೀಗೆಯೇ, ಹಿಂದಿನಿಂದ ಗಾಳಿಯಾಡುತ್ತ.

‘ಪಹಲೇ ಕಾನ್, ಫಿರ್ ಹಾಥ್, ಬಾದ್ ಮೇ ಮೀಟರ್’ ಎನ್ನುವುದು ಉಸ್ತಾದರ ಪಾಠ. ಮೊದಲು ಕಿವಿ, ಆಮೇಲೆ ಕೈ, ಕಡೆಗೆ ಮೀಟರು. ಹೊಸ ಬ್ಯಾಟರಿ ಕೂರಿಸಿ ಇಂಜಿನ್ ಎಬ್ಬಿಸಿದೆ. ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ಸಣ್ಣಗೆ, ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ, ಬಿಗಿ ಸರಿಯಾಗಿತ್ತು. ಡೈನಮೊದ ತುದಿಗೆ ಸಣ್ಣ ಬಲ್ಬು ತಾಗಿಸಿದೆ. ಇಂಜಿನ್ನಿನ ವೇಗ ಏರಿದಂತೆ ಬಲ್ಬೂ ಉರಿದು ಬೆಳಗಿತು. ಆಂಪಿಯರ್ ಮುಳ್ಳು ತುಂಬುವ ಕಡೆಗೇ ವಾಲಿತ್ತು. ಓಡುವಾಗ ಕಾರಿಗೆ ಏನೂ ಕಾಯಿಲೆ ಇಲ್ಲ.

“ಓಡುವಾಗ ಹುಷಾರಾಗೇ ಉಂಟು ಮಾವ. ನಿಂತಾಗ ಏನೋ ಆಗುವುದು.”

“ಹಾಗಾದರೆ ಧಣಿಗಳು ಹೇಳಿದ್ದೇ ಆಯ್ತಲ್ಲ,” ಎಂದರು ಮಾವ, ಇನ್ನೊಂದು ಅಂಗಿ ಮಡಚುತ್ತ.

ಅಷ್ಟರಲ್ಲಿ ಅಜ್ಜಿ ಒಂದು ತಂಬಿಗೆ ನೀರು ಹಿಡಿದುಕೊಂಡು ಶೆಡ್ಡಿಗೆ ಬಂದರು. ನನಗೆಂದು ಕೈಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, ಡ್ರೈವರ್ ಬಾಗಿಲ ಬದಿಯ ಚಕ್ರದ ಪಕ್ಕದಲ್ಲಿ ತಂಬಿಗೆ ಇಟ್ಟರು.

“ಅಜ್ಜಿ, ಕಾರಿನ ನೀರು ಮುಂದೆ ಹಾಕುವುದು, ಚಕ್ರಕ್ಕಲ್ಲ.”

“ಕಾರಿಗಲ್ಲ ಮಗಾ. ಡಾಕ್ಟರಿಗೆ.”

ಆ ಡಾಕ್ಟರರು ಹೊತ್ತಲ್ಲದ ಹೊತ್ತಿನಲ್ಲಿ ರೋಗಿಗಳನ್ನು ನೋಡಲು ಹೋಗುತ್ತಿದ್ದವರಂತೆ. ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತು. ಶೆಡ್ಡಿನಿಂದ ಸದ್ದು ಬರುತ್ತದೆ ಎಂದರು. ಇಂಜಿನ್ನಿನ ಸದ್ದಲ್ಲ. ಯಾರೋ ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ‘ಹ್ಞೂಂ’ ಎನ್ನುತ್ತ ಇನ್ನೊಬ್ಬರ ಮಾತು ಕೇಳುತ್ತಿರುವ ಸದ್ದು.

“ರೋಗಿ ಹೇಳಿದ್ದನ್ನು ಕೇಳುವುದು. ಬರುವಾಗ ಬಾಯಾರಿರ್ತದಲ್ಲ. ಬೆಳಿಗ್ಗೆ ನೋಡಿದರೆ ತಂಬಿಗೆ ಅರ್ಧ ಆಗಿರ್ತದೆ.”

ನಾನು ನಕ್ಕೆ. ಅಜ್ಜಿ ಹೋದ ಮೇಲೆ ಮಾವನ ಎದುರು ಆ ‘ಹ್ಞೂಂ’ ಅನ್ನು ಮಾಡಿಯೂ ತೋರಿಸಿದೆ. ಮಾವ ನಗಲಿಲ್ಲ. ಮಡಚುತ್ತಿದ್ದ ಅಂಗಿ ಅವರ ಕೈಯಲ್ಲಿಯೇ ನಿಂತಿತು.

“ಹಾಗೆಯೇ,” ಎಂದರು. “ಹಾಗೆಯೇ ಕೇಳ್ತದೆ. ನೀನು ಇನ್ನೊಮ್ಮೆ ಮಾಡಬೇಡ.”

ಸಂಜೆ ಧಣಿಗಳನ್ನು ಮಾಟುಂಗದಿಂದ ಕರೆತಂದು ಮಾವ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದರು. ಕೀಲಿ ತಿರುಗಿಸಿ ತೆಗೆದು ನನ್ನ ಕಣ್ಣೆದುರೇ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಒಳಗೇ ಉಳಿದೆ. ಬಾಗಿಲು ಮುಚ್ಚಿದರೆ ಆ ಶೆಡ್ಡಿನಲ್ಲಿ ಮುಸ್ಸಂಜೆಗೇ ಕತ್ತಲು. ತಗಡಿನ ತೂತುಗಳಲ್ಲಿ ಹೊರಗಿನ ಬೆಳಕು ಅಕ್ಕಿ ಕಾಳಿನಷ್ಟಷ್ಟೇ ಕಾಣುತ್ತಿತ್ತು. ಬಿಸಿಯಾದ ಇಂಜಿನ್ ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಆಗ ಮೂಗಿನಲ್ಲಿ ಯಾರೋ ‘ಹ್ಞೂಂ’ ಎಂದರು.

ಎಲ್ಲರ ಸ್ವರವನ್ನೂ ತಿರುಗಿ ಮಾಡಿ ತೋರಿಸುವ ಗಂಡು ನಾನು, ಬಾಯಿ ತೆರೆಯಲಾಗದೆ ನಿಂತೆ. ಸದ್ದು ಬಾನೆಟ್ಟಿನ ಕಡೆಯಿಂದ ಬರುತ್ತಿತ್ತು. ನಿಂತು, ಮತ್ತೆ ಬರುತ್ತಿತ್ತು. ಕೇಳಿಸಿಕೊಳ್ಳುವವರು ನಡುನಡುವೆ ಬಿಡುವ ತೆರಪು ಹೇಗಿರುತ್ತದೋ ಹಾಗೆಯೇ. ಧೈರ್ಯ ಮಾಡಿ ಕಿಟಕಿಯಲ್ಲಿ ಬಗ್ಗಿ ನೋಡಿದರೆ, ಡ್ರೈವರನ ಎದುರಿನ ಸಣ್ಣ ಕೆಂಪು ದೀಪ ಉರಿಯುತ್ತಿದೆ. ಡೈನಮೊ ಕರೆಂಟು ಕೊಡದಿದ್ದರೆ ಎಚ್ಚರಿಸುವ ದೀಪ ಅದು. ಕೀಲಿ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಎದ್ದಾಗ ಆರಬೇಕು, ಕೀಲಿ ತೆಗೆದಾಗ ಸಾಯಬೇಕು. ಕೀಲಿ ಗೋಡೆಯಾಚೆ ಮಾವನ ಸೊಂಟದಲ್ಲಿತ್ತು. ದೀಪ ಮಂಕಾಗಿ, ನಿದ್ದೆಯಲ್ಲಿ ಅರೆತೆರೆದ ಕಣ್ಣಿನ ಹಾಗೆ, ಖಾಲಿ ಸೀಟಿನ ಮೇಲೆ ಕೆಂಪು ಚೆಲ್ಲುತ್ತಿತ್ತು.

“ಮಾವ!” ಎಂದು ಕೂಗಿದೆ. ಕೂಗು ಯಾರ ಸ್ವರದಲ್ಲಿ ಹೊರಟಿತೋ ತಿಳಿಯದು, ಮಾವ ಓಡಿ ಬಂದರು. “ಕೀ ಹಾಕಿ ತಿರುಗಿಸಿ.”

ತಿರುಗಿಸಿದರು. ಹತ್ತಬೇಕಾದ ಗಳಿಗೆಯಲ್ಲಿ ಕೆಂಪು ದೀಪ ಆರಿಹೋಯಿತು. ತೆಗೆದರು. ಮತ್ತೆ ಹತ್ತಿತು.

“ಸತ್ತವರಿಗೆ ಎಲ್ಲ ತಿರುಗಾಮುರುಗಾ ಅಲ್ವಾ,” ಎಂದರು ಬಾಗಿಲಲ್ಲಿ ನಿಂತಿದ್ದ ಅಜ್ಜಿ. ಅವರು ಯಾವಾಗ ಬಂದಿದ್ದರೋ.

ಮಾವನ ಕೋಣೆಯಲ್ಲಿ ಅವರ ಚಾಪೆಗೆ ತಾಗಿಸಿ ನನ್ನ ಚಾಪೆ ಹಾಸಿಕೊಂಡು ಮಲಗಿದೆ. ಸೆಕೆಯಲ್ಲೂ ಮುಸುಕೆಳೆದುಕೊಂಡೆ.

ಶುಕ್ರವಾರ ಬೆಳಿಗ್ಗೆ ಬಾನೆಟ್ ಎತ್ತಿ ಕೈಯಿಟ್ಟೆ. ಇಂಜಿನ್ ತಣ್ಣಗೆ, ಕಲ್ಲಿನ ಹಾಗೆ. ರೇಡಿಯೇಟರ್ ತಣ್ಣಗೆ. ಡೈನಮೊ ಒಂದು ಮಾತ್ರ ಬೆಚ್ಚಗೆ, ಜ್ವರದ ಮಗುವಿನ ಹೊಟ್ಟೆಯ ಹಾಗೆ. ನನ್ನ ಭಯ ಅಲ್ಲಿ ಸ್ವಲ್ಪ ಇಳಿಯಿತು. ಕಾರು ಓಡಿದ್ದರೆ ಇಂಜಿನ್ನೂ ಬಿಸಿಯಾಗಬೇಕಿತ್ತಲ್ಲ. ಧಣಿಗಳು ಬೆಚ್ಚಗಿದೆ ಎಂದು ಕೈಯಿಟ್ಟು ನೋಡಿದ್ದರೇ ಹೊರತು, ಎಲ್ಲಿ ಎಂದು ನೋಡಿರಲಿಲ್ಲ.

ಅದೇ ಹೊತ್ತಿಗೆ ಇರುವೆಗಳು ಕಂಡವು. ಚಕ್ರದ ಸಂದಿನಿಂದ ಹತ್ತಿ, ತಂತಿಗಳ ಮೇಲೆ ಸಾಲಾಗಿ ನಡೆದು, ಇಂಜಿನ್ನಿನ ಹಿಂದಿನ ತಗಡಿಗೆ ಬಿಗಿದ ಕಪ್ಪು ಡಬ್ಬಿಯೊಂದರ ಒಳಗೆ ಹೋಗುತ್ತಿದ್ದವು. ಆ ಡಬ್ಬಿಯೇ ಕಟೌಟು. ಡೈನಮೊಗೂ ಬ್ಯಾಟರಿಗೂ ನಡುವಿನ ಬಾಗಿಲು ಅದು. ಇಂಜಿನ್ ಓಡುವಾಗ ಒಳಗಿನ ಸಣ್ಣ ಲೋಹದ ಎಲೆ ಬಾಗಿ ಬಾಗಿಲು ತೆರೆಯುತ್ತದೆ, ಕರೆಂಟು ಬ್ಯಾಟರಿಗೆ ಹೋಗುತ್ತದೆ. ಇಂಜಿನ್ ನಿಂತೊಡನೆ ಎಲೆ ಮೇಲೆದ್ದು ಬಾಗಿಲು ಮುಚ್ಚಬೇಕು. ಮುಚ್ಚದಿದ್ದರೆ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ರಾತ್ರಿಯಿಡೀ ಡೈನಮೊವನ್ನು ತಿರುಗಿಸಲು ನೋಡುತ್ತದೆ. ಬೆಲ್ಟು ಇಂಜಿನ್ನಿಗೆ ಕಟ್ಟಿಹಾಕಿರುವುದರಿಂದ ಅದು ತಿರುಗಲಾರದು. ಸುಮ್ಮನೆ ಬಿಸಿಯಾಗುತ್ತ ಕೂರುತ್ತದೆ. ಕೆಂಪು ದೀಪ ಉಲ್ಟಾ ಉರಿಯುವುದೂ ಅದಕ್ಕೇ.

ಡಬ್ಬಿಯ ಮುಚ್ಚಳ ತೆಗೆದೆ. ಎಲೆ ಕೆಳಗೇ ಅಂಟಿಕೊಂಡಿತ್ತು, ನಡುಗುತ್ತಿತ್ತು. ನಡುಗುವಾಗ ‘ಹ್ಞೂಂ’ ಎನ್ನುತ್ತಿತ್ತು. ಅದರ ಅಡಿಯಲ್ಲಿ ಕಂದು ಬಣ್ಣದ ಏನೋ ಒಂದು ತೊಟ್ಟು, ಅದರ ಸುತ್ತ ಇರುವೆಗಳು, ಪಕ್ಕದಲ್ಲಿ ಒಣಗಿದ ಕುಂಕುಮ. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದೆ.

ಬೆಲ್ಲ.

ನಿಜವಾದ ಭಯ ಹತ್ತಿದ್ದು ಆಗ. ಡಾಕ್ಟರರ ಪ್ರೇತ ಬಂದು ಎದುರು ನಿಂತಿದ್ದರೆ ಅಷ್ಟು ಆಗುತ್ತಿರಲಿಲ್ಲ. ಆಯುಧಪೂಜೆಯ ದಿನ ಇದೇ ಕಾರಿಗೆ ಕುಂಕುಮ ಹಚ್ಚಿದ್ದು ನಾನು. ಎಲ್ಲರೂ ಬಾನೆಟ್ಟಿಗೆ, ಸ್ಟಿಯರಿಂಗಿಗೆ ಹಚ್ಚಿ ಮುಗಿಸುತ್ತಾರೆ. ನನಗೆ ವಿದ್ಯೆಯ ಮದ. ‘ಕಾರಿನ ಪ್ರಾಣ ಇರೋದು ಇಲ್ಲಿ’ ಎಂದು ಭಟ್ಟರ ಸ್ವರದಲ್ಲಿ ಮಂತ್ರ ಅಣಕಿಸುತ್ತ, ಬೆಲ್ಲ ಹಾಕಿದ ಪಂಚಕಜ್ಜಾಯ ತಿಂದ ಕೈಯಲ್ಲಿಯೇ ಕಟೌಟಿನ ಮುಚ್ಚಳ ತೆಗೆದು, ಆ ಎಲೆಗೆ ಬೊಟ್ಟಿಟ್ಟಿದ್ದೆ. ನೋಡಿದವರೆಲ್ಲ ನಕ್ಕಿದ್ದರು. ಕಾರು ಓಡಿ ಬಿಸಿಯಾದಾಗ ಬೆಲ್ಲ ಕರಗಿ ಎಲೆ ಕೂರುತ್ತಿತ್ತು. ಇಂಜಿನ್ ನಿಂತಾಗ ಕೆಲವು ದಿನ ಬಿಡುತ್ತಿತ್ತು, ಕೆಲವು ದಿನ ಹಿಡಿದೇ ಇರುತ್ತಿತ್ತು. ನನ್ನ ಒಂದು ಬೆರಳಿನ ತಮಾಷೆಗೆ ಮಾವನ ಹನ್ನೊಂದು ವರ್ಷ ಟ್ರಂಕಿನೊಳಗೆ ಹೋಗುತ್ತಿತ್ತು.

ಒರೆಸಿ, ‘ಧೂಳು ಕೂತಿತ್ತು’ ಎಂದರಾಯಿತು ಅಂತ ಒಂದು ಮನಸ್ಸು. ಆ ಮನಸ್ಸಿನ ಜೊತೆ ಶುಕ್ರವಾರ ಇಡೀ ಸಂಸಾರ ಮಾಡಿದೆ. ಉಸ್ತಾದರಿಗೆ ತಿಳಿದರೆ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ ಎಂಬ ಹೆದರಿಕೆಯೂ ಇತ್ತು. ಆದರೆ ಧೂಳಿನ ಮಾತನ್ನು ಧಣಿಗಳು ನಂಬುತ್ತಾರೆಯೇ? ಅಳಿಯ ಮಾವನನ್ನು ಉಳಿಸಲು ಕಟ್ಟಿದ ಕತೆ ಎನ್ನುತ್ತಾರೆ. ಬೆಲ್ಲವನ್ನು ಹಾಗೆಯೇ ಬಿಟ್ಟೆ; ರಾತ್ರಿ ಇಳಿದುಹೋಗಿದ್ದ ಬ್ಯಾಟರಿಯನ್ನು ಮಾತ್ರ ಕಳಚಿ, ಹೊರಗೆ ತುಂಬಿಸಿ ತಂದಿಟ್ಟೆ. ಮಾವನಿಗೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಮಾವ ಮಿಂದು, ಒದ್ದೆ ಪಂಚೆಯಲ್ಲಿ ದೇವರ ಕೋಣೆಗೆ ಹೊರಟಾಗ ನಾನು ಅಡ್ಡ ನಿಂತೆ.

“ಧಣಿಗಳೇ, ಒಮ್ಮೆ ಶೆಡ್ಡಿಗೆ ಬನ್ನಿ. ತಪ್ಪು ಮಾಡಿದ್ದು ನಾನು.”

“ಇವತ್ತೂ ನಿನ್ನ ನಾಟಕವಾ? ಯಾರ ಸ್ವರ ಇದು?” ಎಂದರು ಧಣಿಗಳು.

“ನನ್ನದೇ.”

“ಅದನ್ನು ನಾವು ಕೇಳಿದ್ದೇ ಇಲ್ಲಲ್ಲ ಮಾರಾಯ!”

ಅವರು ನಕ್ಕರು. ನಕ್ಕರೂ ಬಂದರು. ಅಜ್ಜಿಯೂ ಬಂದರು. ಬೆಲ್ಲ ತೋರಿಸಿದೆ, ಇರುವೆ ತೋರಿಸಿದೆ. ಧಣಿಗಳು ಮೂಗಿನಲ್ಲಿ “ಹ್ಞಾ, ಹ್ಞಾ” ಎನ್ನುತ್ತಿದ್ದರು, ನಂಬಿದ ಹಾಗಿರಲಿಲ್ಲ. ಆಗ ಬೆಲ್ಟನ್ನು ಕಳಚಿ, ತುಂಬಿಸಿ ತಂದ ಬ್ಯಾಟರಿಗೆ ತಂತಿ ಕೂರಿಸಿದೆ. ಇಂಜಿನ್ ಬಂದ್, ಕೀಲಿ ಮಾವನ ಸೊಂಟದಲ್ಲಿ. ಕಟೌಟಿನ ಎಲೆಯನ್ನು ಒಣಗಿದ ಕಡ್ಡಿಯಿಂದ ಗಟ್ಟಿಯಾಗಿ ಒತ್ತಿದೆ.

ಡೈನಮೊ ತಾನಾಗಿ ತಿರುಗತೊಡಗಿತು. ಯಾರೂ ಮುಟ್ಟದೆ, ಯಾವುದಕ್ಕೂ ಕಟ್ಟದೆ, ಮೊದಲು ನಿಧಾನ, ಆಮೇಲೆ ಗುಂಯ್ಯೆಂದು. ಧಣಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಕೈಮುಗಿದರು.

“ಇಷ್ಟೇ ಅಜ್ಜಿ. ಡಾಕ್ಟರರೂ ಇಲ್ಲ, ಯಾರೂ ಇಲ್ಲ.”

“ಅದು ಸರಿ ಮಗಾ. ನೀರು ಯಾರು ಕುಡಿಯುವುದು? ಡೈನಮೊವಾ?”

ನಾನು ಚಕ್ರದ ಪಕ್ಕದ ತಂಬಿಗೆಯ ಕಡೆ ನೋಡಿದೆ.

ಧಣಿಗಳು ಸಾವರಿಸಿಕೊಂಡರು. “ಕೈಚಳಕ ಚೆನ್ನಾಗುಂಟು. ಆದರೆ ನೀನು ಇವನ ಅಳಿಯ. ಬೆಲ್ಲವನ್ನು ನಿನ್ನೆಯೇ ಹಚ್ಚಿರಬಹುದಲ್ಲ?”

ಹೌದು, ಹಚ್ಚಿರಬಹುದಿತ್ತು. ಧಣಿಗಳ ಸ್ಥಾನದಲ್ಲಿ ನಾನಿದ್ದರೆ ನನ್ನನ್ನು ಮೊದಲೇ ನಂಬುತ್ತಿರಲಿಲ್ಲ.

“ಮಾವನ ಬದಲು ನಾನು ಹಾಕ್ತೇನೆ ಆಣೆ,” ಎಂದೆ.

“ಏ!” ಎಂದರು ಮಾವ. ಅಷ್ಟೇ.

ದೇವರ ಕೋಣೆಯಲ್ಲಿ ಒಂದು ಕಾಲುದೀಪ. ಧಣಿಗಳು ಹೇಳಿಕೊಟ್ಟ ಮಾತನ್ನು ನಾನು ಹೇಳಬೇಕು: ‘ಈ ತಪ್ಪು ನನ್ನ ಬೆರಳಿನಿಂದಲೇ ಆದದ್ದು, ಬೇರೆ ಯಾರ ಬೆರಳಿನಿಂದಲೂ ಅಲ್ಲ.’ ದೀಪದ ಕಂಬ ಮುಟ್ಟಿದೆ. ಎಣ್ಣೆ ಜಿಡ್ಡಿನ ಹಿತ್ತಾಳೆ ಬೆಚ್ಚಗಿತ್ತು. ಹೇಳಿದೆ. ಹೇಳುವಾಗ ಗಾಳಿಯಿಲ್ಲದ ಆ ಕೋಣೆಯಲ್ಲಿ ಜ್ವಾಲೆ ಒಂದು ಕಡೆಗೆ ವಾಲಿ, ಹಾಗೆಯೇ ಸ್ವಲ್ಪ ಹೊತ್ತು ನಿಂತು, ಮತ್ತೆ ನೆಟ್ಟಗಾಯಿತು. ನನ್ನ ಉಸಿರಿಗೆ ಇರಬೇಕು ಅಂದುಕೊಂಡೆ.

“ಮುಗಿಯಿತು,” ಎಂದರು ಧಣಿಗಳು. ಮಾವನ ಕಡೆ ತಿರುಗಿ, “ಟ್ರಂಕು ಬಿಚ್ಚು ಮಾರಾಯ. ಮನಸ್ಸಿನಲ್ಲಿ ಇಟ್ಕೊಳ್ಳಬೇಡ,” ಎಂದರು. ಅಜ್ಜಿ ನನಗೆ ಎಲೆ ಹಾಕಿದರು, ಬಿಸಿ ಕಡುಬು ಬಡಿಸಿದರು. ಆಣೆ ಹಾಕಿಸಿಕೊಂಡ ಮನೆ. ಕೈಮುಗಿದು ಎದ್ದೆ. ಅಜ್ಜಿ ಒತ್ತಾಯಿಸಲಿಲ್ಲ, ಅವರಿಗೆ ಗೊತ್ತಿತ್ತು.

ಕಟೌಟನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಬೆಲ್ಟು ಹಾಕಿ, ಸ್ಟೇಷನ್ನಿಗೆ ನಡೆದೆ. ಮಾವ ಜೊತೆಗೆ ನಡೆದು ಬಂದರು. ಪ್ಲಾಟ್‌ಫಾರಮಿನಲ್ಲಿ ಎರಡು ಬಾಳೆಹಣ್ಣು ತಂದು ಒಂದನ್ನು ನನ್ನ ಕೈಗಿಟ್ಟರು. ನಾನು ಸಿಪ್ಪೆ ಸುಲಿಯುತ್ತಿದ್ದಾಗ ಕೇಳಿದರು:

“ಪೂಜೆಯ ದಿನ ನೀನು ಹಚ್ಚಿದ್ದು ಎಲೆಯ ಮೇಲೋ, ಕೆಳಗೋ?”

“ಮೇಲೆ. ಜಾರಿ ಕೆಳಗೆ ಇಳಿದಿರಬೇಕು. ಯಾಕೆ?”

“ಅವತ್ತು ನೀನು ಹೋದ ಮೇಲೆ ನಾನು ಡಬ್ಬಿ ಇನ್ನೊಮ್ಮೆ ತೆಗೆದೆ. ನೀನು ಹಚ್ಚಿದ್ದು ಅಡ್ಡಾದಿಡ್ಡಿ ಇತ್ತು. ದೇವರ ಕೆಲಸ ಅಲ್ವಾ. ಒರೆಸಿ, ಸರಿಯಾಗಿ ಹಚ್ಚಿದೆ.”

“ಕೈ ತೊಳೆದಿದ್ದಿರಾ?”

ಮಾವ ಹಳಿಗಳ ಕಡೆ ನೋಡಿದರು. “ನೆನಪಿಲ್ಲ. ಪಂಚಕಜ್ಜಾಯ ನಾನೂ ತಿಂದಿದ್ದೆ.”

“ಇದನ್ನು ನಾನು ಆಣೆ ಹಾಕುವ ಮೊದಲೇ ಯಾಕೆ ಹೇಳಲಿಲ್ಲ ಮಾವ?”

“ಮರೆತೇ ಹೋಗಿತ್ತು. ನೀನು ‘ಬೇರೆ ಯಾರ ಬೆರಳಿನಿಂದಲೂ ಅಲ್ಲ’ ಅಂತ ಹೇಳಿದೆಯಲ್ಲ, ಆಗ ನೆನಪಾಯ್ತು. ಹೇಳ್ಲಿಕ್ಕೆ ಹೊರಟೆ. ಸ್ವರ ಬರಲಿಲ್ಲ.”

ಲೋಕಲ್ ಬಂತು. ಅದರ ಕಿರುಚಾಟವನ್ನು ಅಣಕಿಸದೆ ನಾನು ಹತ್ತಿದ್ದು ಬಹುಶಃ ಅದೇ ಮೊದಲು. ಮಾವ ಕೈ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಲಿದ ಹಣ್ಣು ಎಡಗೈಯಲ್ಲಿ ಕಪ್ಪಾಗುತ್ತಿತ್ತು. ಬಾಂದ್ರಾ ದಾಟಿ ಮಾಹೀಮ್ ಬರುವವರೆಗೂ ದೀಪ ಮುಟ್ಟಿದ ಬಲಗೈಯ ಆ ಒಂದು ಬೆರಳನ್ನು ಕಂಬಿಗಾಗಲಿ, ಪಕ್ಕದವರಿಗಾಗಲಿ, ನನಗಾಗಲಿ ತಾಗದಂತೆ ದೂರ ಹಿಡಿದುಕೊಂಡು ನಿಂತಿದ್ದೆ.